ಜೀಪಿನ ನೀರು ಎಲ್ಲಿಗೆ ಹೋಯಿತು?

ಘಟ್ಟದ ರಸ್ತೆಯಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಯನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಮುಂದಿನಿಂದ ಹಬೆ ಬುಸುಗುಡುತ್ತಿರುತ್ತದೆ. ಡ್ರೈವರು ಒಂದು ಕೈಯಲ್ಲಿ ಗೋಣಿಚೀಲದ ತುಂಡು, ಇನ್ನೊಂದು ಕೈಯಲ್ಲಿ ನೀರಿನ ಕ್ಯಾನು ಹಿಡಿದು ಕಾಯುತ್ತಿರುತ್ತಾನೆ. ಕೇಳಿದರೆ ಒಂದೇ ಉತ್ತರ: "ಇಂಜಿನ್ ಹೀಟ್ ಆಯ್ತು." ಸುಳ್ಳಲ್ಲ, ಆದರೆ ಅರ್ಧ ಉತ್ತರ. ಬಿಸಿಯಾದದ್ದರಿಂದ ನೀರು ಹೋಯಿತೋ, ನೀರು ಹೋದದ್ದರಿಂದ ಬಿಸಿಯಾಯಿತೋ? ಇವು ಎರಡು ಬೇರೆ ಕಾಯಿಲೆಗಳು. ಮೊದಲನೆಯದಕ್ಕೆ ಮದ್ದು ಬಹುಪಾಲು ಅಗ್ಗ. ಎರಡನೆಯದಕ್ಕೆ ಕೆಲವು ಸಲ ಇಂಜಿನ್ನಿನ ಹೆಡ್ಡನ್ನೇ ಇಳಿಸಬೇಕಾಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡದೆ ಒಂದಾದ ಮೇಲೊಂದು ಸಾಮಾನು ಬದಲಿಸುತ್ತ ಹೋದರೆ ಗಾಡಿ ಗುಣವಾಗುವುದಕ್ಕೆ ಮೊದಲೇ ಮಾಲಿಕನ ಜೇಬು ಬರಿದಾಗುತ್ತದೆ.

ಕಾಮರ್ಸ್ ಓದುವ ಹುಡುಗನಿಗೆ ಈ ಉಸಾಬರಿ ಯಾಕೆ ಅಂತ ನಮ್ಮ ಸಂಘದಲ್ಲೇ ಕೆಲವರು ಕೇಳಿದ್ದಾರೆ. ಇದೂ ಒಂದು ಜಮಾ-ಖರ್ಚಿನ ಪ್ರಶ್ನೆಯೇ. ಗಾಡಿಗೆ ಹೊಯ್ದ ನೀರು ಜಮಾ. ಸಂಜೆ ಉಳಿದದ್ದು ಶಿಲ್ಕು. ನಡುವೆ ಕಾಣೆಯಾದದ್ದು ಯಾವುದೋ ಒಂದು ಖಾತೆಗೆ ಹೋಗಿರಲೇಬೇಕು. ಗಾಳಿಯಲ್ಲಿ ಮಾಯವಾಗುವುದು ಅನ್ನೋದು ಲೆಕ್ಕಶಾಸ್ತ್ರದಲ್ಲೂ ಇಲ್ಲ, ಮೆಕ್ಯಾನಿಕ್ ಶಾಸ್ತ್ರದಲ್ಲೂ ಇಲ್ಲ. ಇನ್ನು ಜೀಪಿಗೂ ಮುಂಬಯಿಗೂ ಹಳೆಯ ನಂಟು. ಈ ದೇಶದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುವ ಕೆಲಸ ಶುರುವಾದದ್ದು ಇದೇ ಊರಿನಲ್ಲಿ.

ಮೊದಲು ಒತ್ತಡದ ವಿಚಾರ. ರೂಮಿನಲ್ಲಿ ಅಡುಗೆ ಮಾಡಿಕೊಳ್ಳುವ ಗೆಳೆಯರಿಗೆ ಇದು ಸುಲಭವಾಗಿ ಹಿಡಿಸುತ್ತದೆ. ತೆರೆದ ಪಾತ್ರೆಯ ನೀರು ಮುಂಬಯಿಯಲ್ಲಿ ೧೦೦ ಡಿಗ್ರಿಗೆ ಕುದಿಯುತ್ತದೆ. ಉರಿ ಎಷ್ಟು ಜೋರು ಮಾಡಿದರೂ ಅದು ೧೦೦ನ್ನು ದಾಟುವುದಿಲ್ಲ. ಹಬೆಯಾಗಿ ಎದ್ದು ಹೋಗುತ್ತದೆ, ಅಷ್ಟೆ. ಕುಕ್ಕರಿನ ಮುಚ್ಚಳ ಬಿಗಿದು ವೆಯ್ಟ್ ಇಟ್ಟರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಒಂದು ಬಾರ್, ಅಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು, ಹೆಚ್ಚಾಗುತ್ತದೆ. ಆಗ ನೀರು ಕುದಿಯುವುದು ಸುಮಾರು ೧೨೦ ಡಿಗ್ರಿಯಲ್ಲಿ. ಬೇಳೆ ಬೇಗ ಬೇಯುವುದು ಇದರಿಂದಲೇ.

ರೇಡಿಯೇಟರಿನ ಕ್ಯಾಪು ಈ ವೆಯ್ಟಿನ ತಮ್ಮ. ಅದರ ನೆತ್ತಿಯ ಮೇಲೆ ೦.೯ ಅಂತಲೋ ೧.೧ ಅಂತಲೋ, ಪೌಂಡಿನ ಲೆಕ್ಕದಲ್ಲಾದರೆ ೧೩, ೧೫ ಅಂತಲೋ ಅಚ್ಚೊತ್ತಿರುತ್ತದೆ. ಎಷ್ಟು ಒತ್ತಡದವರೆಗೆ ಅದು ಬಾಯಿ ಮುಚ್ಚಿಕೊಂಡಿರುತ್ತದೆ ಅನ್ನೋದರ ಅಂಕಿ ಅದು. ಕುಕ್ಕರಿಗೂ ಇಂಜಿನ್ನಿಗೂ ಒಂದು ವ್ಯತ್ಯಾಸ ಮಾತ್ರ ಇದೆ. ಕುಕ್ಕರಿನಲ್ಲಿ ನಮಗೆ ಕುದಿಯುವುದು ಬೇಕು, ಇಂಜಿನ್ನಿನಲ್ಲಿ ಬೇಡ. ಕಾದ ಕಬ್ಬಿಣಕ್ಕೆ ನೀರು ಅಂಟಿಕೊಂಡಿದ್ದರೆ ಅದು ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಅದೇ ಜಾಗದಲ್ಲಿ ಹಬೆಯ ಗುಳ್ಳೆ ಕೂತರೆ ಬಿಸಿ ಅಲ್ಲೇ ಉಳಿಯುತ್ತದೆ. ಒತ್ತಡ ಇರುವುದು ಆ ಗುಳ್ಳೆ ಹುಟ್ಟದಿರಲಿ ಅಂತ. ನೀರಿಗೆ ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದರೆ ಕುದಿಯುವ ಬಿಂದು ಇನ್ನೂ ಏಳೆಂಟು ಡಿಗ್ರಿ ಮೇಲೇರುತ್ತದೆ, ತುಕ್ಕೂ ಹಿಡಿಯುವುದಿಲ್ಲ. (ಕೂಲೆಂಟ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ದನ, ಮಕ್ಕಳಿಗೆ ಸಿಗದ ಹಾಗೆ ಇಡಬೇಕು.)

ಕ್ಯಾಪಿನಲ್ಲಿ ಒಂದಲ್ಲ, ಎರಡು ಬಾಗಿಲು. ದೊಡ್ಡ ಸ್ಪ್ರಿಂಗಿನದು ಒತ್ತಡ ಮಿತಿ ಮೀರಿದಾಗ ಹೊರಕ್ಕೆ ತೆರೆದು ನೀರನ್ನು ಪಕ್ಕದ ಬಾಟಲಿಗೆ ಬಿಡುತ್ತದೆ. ನಡುವಿನ ಪುಟ್ಟ ಬಾಗಿಲು, ಗಾಡಿ ತಣಿದು ಒಳಗೆ ನಿರ್ವಾತವಾದಾಗ ಬಾಟಲಿಯ ನೀರನ್ನು ವಾಪಸು ಒಳಗೆಳೆದುಕೊಳ್ಳುತ್ತದೆ. ಈ ಎರಡನೆಯದನ್ನು ಯಾರೂ ಲಕ್ಷ್ಯಕ್ಕೆ ತಗೊಳ್ಳೋದಿಲ್ಲ. ಅದು ಅಂಟಿಕೊಂಡರೆ ಗಾಡಿ ತಣ್ಣಗಾದ ಮೇಲೆ ಮೇಲಿನ ಹೋಸ್ ಪೈಪು ಚೀಪಿದ ಮಾವಿನಹಣ್ಣಿನ ಹಾಗೆ ಒಳಕ್ಕೆ ಬಗ್ಗಿರುತ್ತದೆ. ಅಂಥದ್ದು ಕಂಡರೆ ಬೇರೇನೂ ಯೋಚಿಸಬೇಡಿ, ಕ್ಯಾಪು ಬದಲಿಸಿ. ಕೆಲವು ಗಾಡಿಗಳಲ್ಲಿ ರೇಡಿಯೇಟರಿಗೆ ಕ್ಯಾಪೇ ಇರದೆ, ಪಕ್ಕದ ಪ್ಲಾಸ್ಟಿಕ್ ಟ್ಯಾಂಕೇ ಒತ್ತಡ ತಡೆಯುತ್ತದೆ. ಕ್ಯಾಪು ಅದರ ಮೇಲಿರುತ್ತದೆ. ತತ್ತ್ವ ಒಂದೇ.

ಬೆಟ್ಟ ಹತ್ತುವ ಗಾಡಿಗೆ ಈ ಕ್ಯಾಪು ಎಷ್ಟು ಮುಖ್ಯ ಅನ್ನೋದಕ್ಕೆ ಲಡಾಖಿನ ಖಾರ್ದುಂಗ್ ಲಾ ನೋಡಿ. ಎತ್ತರ ೫೩೫೯ ಮೀಟರು. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೮೨ ಡಿಗ್ರಿಯಲ್ಲೇ ಕುದಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಬಾಯಿ ತೆರೆಯಲು ಶುರುಮಾಡುವುದೇ ಸುಮಾರು ೮೨ ಡಿಗ್ರಿಗೆ! ಅಂದರೆ ಕ್ಯಾಪು ಸೋರಿದರೆ ಇಂಜಿನ್ ತನ್ನ ಮಾಮೂಲಿ ಶಾಖದಲ್ಲಿ ಇರುವಾಗಲೇ ನೀರು ಕೊತಕೊತ. ನಮ್ಮ ಕೊಡಚಾದ್ರಿ ೧೩೪೩ ಮೀಟರು, ಅಷ್ಟೇನೂ ಇಲ್ಲ. ಅಲ್ಲಿ ಕುದಿಯುವುದು ೯೫–೯೬ರ ಸುಮಾರಿಗೆ. ಆದರೂ ಸಮುದ್ರದಂಡೆಯಿಂದ ಹೊರಟ ಗಾಡಿಗೆ ಅಲ್ಲಿ ನಾಲ್ಕೈದು ಡಿಗ್ರಿಯ ಬಂಡವಾಳ ಕಡಿಮೆಯಾಗಿರುತ್ತದೆ.

ಕೊಡಚಾದ್ರಿಯ ಹೆಸರು ಸುಮ್ಮನೆ ತಂದದ್ದಲ್ಲ. ಕೊಲ್ಲೂರಿನ ಕಡೆಯಿಂದ ಜೀಪಿನಲ್ಲಿ ಅಲ್ಲಿಗೆ ಹೋದವರಿಗೆ ಆ ಕೊನೆಯ ದಾರಿ ಮರೆಯಲಾರದು. ಕಲ್ಲು, ಕೊರಕಲು, ಕೆಂಪು ಕೆಸರು. ಡಾಂಬರು ರಸ್ತೆಯಲ್ಲಿ ಓಡುವ ಗಾಡಿಗೆ ಎದುರುಗಾಳಿಯೇ ಅರ್ಧ ಫ್ಯಾನು. ಇಲ್ಲಿ ಜೀಪು ಆಳು ನಡೆಯುವ ವೇಗದಲ್ಲಿ, ಲೋ ಗೇರಿನಲ್ಲಿ, ಎಂಟು ಜನರನ್ನು ಹೊತ್ತು ಇಂಜಿನ್ನಿನ ಪೂರ್ತಿ ಶಕ್ತಿ ಹಾಕಿ ಏರುತ್ತದೆ. ಬಿಸಿ ಪೂರ್ತಿ, ಗಾಳಿ ಮಾತ್ರ ಫ್ಯಾನು ಕೊಟ್ಟಷ್ಟು. ಆದ್ದರಿಂದ ಇಂಥ ಕಡೆ ಗಾಡಿ ಬಿಸಿಯಾದರೆ ಮೊದಲು ನೋಡಬೇಕಾದದ್ದು ಗಾಳಿಯ ಕಡೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು, ಜಾಸ್ತಿ ಬಗ್ಗಿದರೆ ಸಡಿಲ. ಫ್ಯಾನಿನ ಸುತ್ತಲಿನ ತಗಡಿನ ಕವಚ ಮುರಿದು ಬಿದ್ದದ್ದನ್ನು ಎಷ್ಟೋ ಜನ ಮತ್ತೆ ಹಾಕಿಸುವುದೇ ಇಲ್ಲ. ರೇಡಿಯೇಟರಿನ ಜಾಲರಿಯಲ್ಲಿ ಕೆಸರು ಒಣಗಿ ಇಟ್ಟಿಗೆಯಾಗಿರುತ್ತದೆ. ಅದನ್ನು ಇಂಜಿನ್ನಿನ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು, ಮೆತ್ತಗೆ ತೊಳೆಯಬೇಕು. ಇದೆಲ್ಲ "ಮೊದಲು ಬಿಸಿ, ಆಮೇಲೆ ನೀರು ಹೋಯಿತು" ಅನ್ನುವ ಜಾತಿಯ ಕಾಯಿಲೆ. ಮುಳ್ಳು ಮೊದಲು ಏರುತ್ತದೆ, ಆಮೇಲೆ ಕ್ಯಾಪು ಉಗುಳುತ್ತದೆ.

ಕಷ್ಟ ಇರುವುದು ಎರಡನೆಯ ಜಾತಿಯಲ್ಲಿ. ನೀರು ಮೊದಲು ಕಡಿಮೆಯಾಗುತ್ತದೆ, ಮುಳ್ಳು ಆಮೇಲೆ ಏರುತ್ತದೆ. ಈ ನೀರು ಹೋಗುವುದಕ್ಕೆ ನಾಲ್ಕೇ ಖಾತೆ.

ಒಂದು, ನೆಲಕ್ಕೆ. ಹೋಸಿನ ಕ್ಲಿಪ್ಪು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಬ್ಲಾಕಿನ ಪಕ್ಕದ ತಗಡಿನ ಬಿಲ್ಲೆಗಳು, ರೇಡಿಯೇಟರಿನ ಬೆಸುಗೆ. ಒಣಗಿದ ಜಾಗದಲ್ಲಿ ಬಿಳಿಯ ಅಥವಾ ಹಸಿರು ಕಲೆ ಉಳಿದಿರುತ್ತದೆ. ಎಷ್ಟೋ ಸಲ ಬಿಸಿಯಿದ್ದಾಗ ಸೋರಿದ್ದು ಅಲ್ಲೇ ಆವಿಯಾಗುವುದರಿಂದ ಹನಿ ಕಾಣುವುದಿಲ್ಲ, ಕಲೆಯೇ ಸಾಕ್ಷಿ. ಎರಡು, ಎಣ್ಣೆಗೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ, ಮಟ್ಟವೂ ಏರಿರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬೆಣ್ಣೆಯಂಥದ್ದು ಇದ್ದರೆ ಹೆದರಬೇಕಾಗಿಲ್ಲ. ಚಳಿಗಾಲದಲ್ಲಿ ಗಾಡಿ ಪೂರ್ತಿ ಕಾಯದೆ ಸಣ್ಣ ಸಣ್ಣ ಓಟ ಓಡಿದರೂ ಹಾಗಾಗುತ್ತದೆ. ಮೂರು, ಸೈಲೆನ್ಸರಿಗೆ. ಇಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಕೂಲೆಂಟ್ ಹಾಕಿದ್ದರೆ ಒಂದು ಥರದ ಸಿಹಿ ವಾಸನೆ. ನಾಲ್ಕನೆಯದು ಬಾಟಲಿಗೆ, ಬಾಟಲಿಯಿಂದ ಹೊರಕ್ಕೆ. ಜಗಳವೆಲ್ಲ ಈ ನಾಲ್ಕನೆಯ ಖಾತೆಯಲ್ಲೇ.

ಯಾಕೆಂದರೆ ಬಾಟಲಿಗೆ ನೀರು ಹೋಗುವುದು ನ್ಯಾಯವೇ. ೩೦ ಡಿಗ್ರಿಯ ನೀರು ೯೦ಕ್ಕೆ ಏರಿದರೆ ನೂರಕ್ಕೆ ಮೂರರಷ್ಟು ಹಿಗ್ಗುತ್ತದೆ. ಹತ್ತು ಲೀಟರ್ ಹಿಡಿಯುವ ಇಂಜಿನ್ನಾದರೆ ೩೦೦ ಮಿಲಿ, ಹೆಚ್ಚೆಂದರೆ ಒಂದೂವರೆ ಲೋಟ. ಇಷ್ಟು ಬೆಳಿಗ್ಗೆ ಹೋಗಿ ರಾತ್ರಿ ವಾಪಸು ಬರಬೇಕು. ಸಾಲ ಕೊಟ್ಟು ತಗೊಂಡ ಹಾಗೆ. ಬಾಟಲಿ ತುಂಬಿ ಚೆಲ್ಲುವಷ್ಟು ಹೋಗುತ್ತಿದೆ ಅಂದರೆ ಒಳಗಿನಿಂದ ಯಾರೋ ತಳ್ಳುತ್ತಿದ್ದಾರೆ. ಒಂದೋ ಹಬೆ, ಇಲ್ಲವೇ ಸಿಲಿಂಡರಿನ ಹೊಗೆ.

೨೦೨೪ರ ದೀಪಾವಳಿ ರಜೆಯಲ್ಲಿ ನಾನು ಊರಿಗೆ ಹೋದಾಗ ನನ್ನ ಸೋದರಮಾವನ ಜೀಪು ಇದೇ ಅವಸ್ಥೆಯಲ್ಲಿತ್ತು. ಕೊಲ್ಲೂರಿಗೆ ಬಂದ ಯಾತ್ರಿಕರನ್ನು ಬೆಟ್ಟಕ್ಕೆ ಹತ್ತಿಸುವುದೇ ಮಾವನ ಜೀವನ. ಮಳೆಗಾಲ ಮುಗಿದು ಗಿರಾಕಿ ಬರುವ ಹೊತ್ತಿಗೆ ಸರಿಯಾಗಿ ಗಾಡಿ ಕೈಕೊಟ್ಟಿತ್ತು. ಬ್ಯಾಂಕಿನ ಕಂತು ಮಾತ್ರ ಸಮಯಕ್ಕೆ ಸರಿಯಾಗಿ ಬರುತ್ತಿತ್ತು. "ಎಂತ ಮಾರಾಯ, ಬೆಳಿಗ್ಗೆ ತುಂಬ್ಸಿದ್ ನೀರ್ ಸಂಜೆಗೆ ಇಲ್ಲೆ. ಕೆಳ್ಗ್ ಒಂದ್ ಹನಿ ಬಿದ್ದದ್ದಿಲ್ಲೆ. ಎಲ್ಲಿಗ್ ಹೋತ್ತಂದೇ ಗೊತ್ತಾತಿಲ್ಲೆ" ಅಂತ ತಲೆ ಮೇಲೆ ಕೈಹೊತ್ತು ಕೂತಿದ್ದರು. ದಿನಕ್ಕೆ ಒಂದು ಲೀಟರಿಗೂ ಮೇಲೆ ನೀರು ನಾಪತ್ತೆ.

ಒಂದು ಗ್ಯಾರೇಜಿನವರು ಆಗಲೇ ರೇಡಿಯೇಟರ್ ಬಿಚ್ಚಿ ಒಳಗೆ ಕಡ್ಡಿ ಹಾಕಿ ತೊಳೆದು ಬಿಲ್ಲು ಮಾಡಿದ್ದರು. ಇನ್ನೊಂದು ಗ್ಯಾರೇಜಿನವರು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿದ್ದರು. ಈ ಕಿತ್ತು ಬಿಸಾಡುವ ಚಾಳಿ ನಮ್ಮ ದೇಶದಲ್ಲಿ ತುಂಬ ಇದೆ, ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಥರ್ಮೋಸ್ಟಾಟ್ ಇಲ್ಲದಿದ್ದರೆ ಇಂಜಿನ್ ಬೇಗ ಕಾಯುವುದಿಲ್ಲ. ತಣ್ಣಗಿನ ಡೀಸೆಲ್ ಇಂಜಿನ್ ಹೊಗೆ ಉಗುಳುತ್ತದೆ, ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಅದು ಪೂರ್ತಿ ತೆರೆದಾಗ ಅಡ್ಡದಾರಿಯೊಂದನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಕಿತ್ತರೆ ಆ ಅಡ್ಡದಾರಿ ಸದಾ ತೆರೆದಿದ್ದು, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತದೆ, ಬಿಸಿ ಇನ್ನೂ ಹೆಚ್ಚುತ್ತದೆ. ಅನುಮಾನ ಇದ್ದರೆ ದಾರ ಕಟ್ಟಿ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ನೋಡಿದರಾಯಿತು. ಕಣ್ಣೆದುರೇ ಬಾಯಿ ಬಿಡಬೇಕು. ಅದಕ್ಕೆ ಗ್ಯಾರೇಜೂ ಬೇಡ.

ಕೊನೆಗೆ ಯಾರೋ ಹೇಳಿದರು ಅಂತ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿದರು. ಮುಳ್ಳು ಮೊದಲು ಏರುತ್ತದೋ, ನೀರು ಮೊದಲು ಇಳಿಯುತ್ತದೋ? ಬಾಟಲಿ ತುಂಬಿ ಚೆಲ್ಲುತ್ತದೋ? ರಾತ್ರಿಯೆಲ್ಲ ನಿಂತ ಗಾಡಿಯ ಕ್ಯಾಪನ್ನು ಬೆಳಿಗ್ಗೆ ತೆಗೆದರೆ ಬುಸ್ ಅನ್ನುತ್ತದೋ? ನೀರೇ ಮೊದಲು ಇಳಿಯುವುದು, ಬಾಟಲಿ ಚೆಲ್ಲುವುದು ಹೌದು, ಬೆಳಿಗ್ಗೆ ಬುಸ್ ಅನ್ನುವುದೂ ಹೌದು ಅಂದರು ಮಾವ.

ಮೂರನೆಯ ಪ್ರಶ್ನೆಯ ಬೆಲೆ ನನಗೆ ಆಮೇಲೆ ತಿಳಿಯಿತು. ಬಿಸಿಯಿಂದ ಹುಟ್ಟಿದ ಒತ್ತಡ ಬಿಸಿ ಹೋದ ಮೇಲೆ ಉಳಿಯುವುದಿಲ್ಲ. ಹಬೆ ನೀರಾಗುತ್ತದೆ, ಹಿಗ್ಗಿದ ನೀರು ಕುಗ್ಗುತ್ತದೆ. ರಾತ್ರಿ ಕಳೆದ ಕುಕ್ಕರಿನ ವೆಯ್ಟ್ ಎತ್ತಿದರೆ ಸದ್ದು ಬರುತ್ತದೆಯೇ? ತಣ್ಣಗಿನ ಗಾಡಿಯಲ್ಲಿ ಒತ್ತಡ ಉಳಿದಿದೆ ಅಂದರೆ ತಣಿದರೂ ಕರಗದ ಏನೋ ಒಂದು ಒಳಗೆ ಸೇರಿದೆ. ಅದು ಸಿಲಿಂಡರಿನ ಗ್ಯಾಸು.

ಆದರೂ ಅವರು ಅನುಮಾನದ ಮೇಲೆ ಹೆಡ್ ಇಳಿಸಲಿಲ್ಲ. ಗೇಜು ಇರುವ ಒಂದು ಕೈಪಂಪನ್ನು ರೇಡಿಯೇಟರಿನ ಬಾಯಿಗೆ ಕೂರಿಸಿ, ತಣ್ಣಗಿನ ಇಂಜಿನ್ನಿಗೆ ೦.೯ ಬಾರಿನವರೆಗೆ ಗಾಳಿ ತುಂಬಿದರು. ಕಾಲು ಗಂಟೆ ಕಾದೆವು. ಮುಳ್ಳು ಅಲುಗಲಿಲ್ಲ. ನೋಡಿದ ಮಾವನಿಗೆ ಸಂತೋಷ: "ಲೀಕ್ ಇಲ್ಲೆ ಅಂದಾಯ್ತ್ ಅಲ್ದಾ?" ಮೆಕ್ಯಾನಿಕ್ ತಲೆಯಾಡಿಸಿದರು. ಈ ಪರೀಕ್ಷೆ ಒಂದು ಬಾರ್ ಒತ್ತಡಕ್ಕೆ ಹೊರಕ್ಕೆ ಸೋರುವ ಜಾಗವನ್ನು ಮಾತ್ರ ಹಿಡಿಯುತ್ತದೆ, ಹೆಡ್ಡಿನದು ಒಳಗಿನಿಂದ ತೆರೆಯುವ ಬಾಗಿಲು ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಡೀಸೆಲ್ ಇಂಜಿನ್ನಿನ ಸ್ವಭಾವ ಇಲ್ಲೇ ಇರುವುದು. ಪೆಟ್ರೋಲಿನ ಹಾಗೆ ಇದಕ್ಕೆ ಕಿಡಿ ಇಲ್ಲ. ಗಾಳಿಯನ್ನೇ ಇಪ್ಪತ್ತರಲ್ಲಿ ಒಂದು ಪಾಲಿಗೆ ಹಿಂಡಿ, ಆ ಹಿಂಡಿದ ಬಿಸಿಯಿಂದಲೇ ಎಣ್ಣೆ ಹೊತ್ತಿಸಬೇಕು. ಹಿಂಡುವಾಗಲೇ ಒತ್ತಡ ೩೦ ಬಾರ್ ದಾಟುತ್ತದೆ, ಹೊತ್ತಿಕೊಂಡಾಗ ಸುಮಾರು ಇಮ್ಮಡಿ. ಅದರ ಪಕ್ಕದಲ್ಲೇ, ಗ್ಯಾಸ್ಕೆಟ್ ಎಂಬ ತೆಳ್ಳನೆಯ ಹಾಳೆಯ ಆಚೆ, ಒಂದು ಬಾರಿನ ನೀರು. ಹಾಳೆಯಲ್ಲಿ ಕೂದಲೆಳೆಯಷ್ಟು ದಾರಿ ಬಿದ್ದರೂ ಪ್ರತಿ ಹೊಡೆತಕ್ಕೆ ಒಂದಿಷ್ಟು ಗ್ಯಾಸು ನೀರಿಗೆ ನುಗ್ಗುತ್ತದೆ. ಅಷ್ಟು ಸಣ್ಣ ದಾರಿಯಲ್ಲಿ, ಒಂದು ಬಾರಿಗೆ, ನೀರು ಆ ಕಡೆಗೆ ಹೋಗದಿರಬಹುದು. ದಾರಿ ದೊಡ್ಡದಾದ ಮೇಲೆ ನೀರೂ ರಾತ್ರಿ ಸಿಲಿಂಡರಿಗೆ ಇಳಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಹೆಚ್ಚು ಇಳಿದಿದ್ದರೆ ಇನ್ನೂ ಅಪಾಯ: ನೀರನ್ನು ಹಿಂಡಲು ಬರುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗುತ್ತದೆ.

ಹೋಸ್ ಪೈಪನ್ನು ಕೈಯಲ್ಲಿ ಹಿಚುಕಿ ನೋಡುವ ಪರೀಕ್ಷೆಯ ಅರ್ಥವೂ ಇದೇ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೆ, ಮುಟ್ಟಿದರೆ ಇನ್ನೂ ತಣ್ಣಗೇ ಇರುವ ಹೋಸು ಕಲ್ಲಿನಂತೆ ಗಟ್ಟಿಯಾದರೆ ಆ ಒತ್ತಡ ಬಿಸಿಯದಲ್ಲ. ಕಾದ ಮೇಲೆ ನಿಧಾನವಾಗಿ ಗಟ್ಟಿಯಾದರೆ ಸಹಜ. ಕಾದ ಮೇಲೂ ಮೆತ್ತಗೇ ಇದ್ದರೆ ಕ್ಯಾಪು ಹಿಡಿಯುತ್ತಿಲ್ಲ, ಇಲ್ಲವೇ ಎಲ್ಲೋ ಸೋರಿಕೆ. ಒಂದು ಕೈ ಸಾಕು, ಆದರೆ ಯಾವಾಗ ಮುಟ್ಟಬೇಕು ಅನ್ನೋದು ಗೊತ್ತಿರಬೇಕು.

ಮಾವನ ಜೀಪು ಗ್ಯಾರೇಜಿನಲ್ಲಿ ನಿಂತಾಗ ಇದಕ್ಕೂ ಸಿಕ್ಕಿಬೀಳಲಿಲ್ಲ. ಐಡ್ಲಿಂಗಿನಲ್ಲಿ ಹೋಸು ಮೆತ್ತಗೆ, ಬಾಯಿಯಲ್ಲಿ ಗುಳ್ಳೆಯೂ ಇಲ್ಲ. ಸ್ಕೂಲ್ ಇನ್‌ಸ್ಪೆಕ್ಟರ್ ಎದುರಿನ ಹುಡುಗನ ಥರ ಒಳ್ಳೆ ನಡತೆ. ಸಣ್ಣ ದಾರಿ ಭಾರ ಬಿದ್ದಾಗ ಮಾತ್ರ ತೆರೆಯುತ್ತದೆ. ಆಗ ಆ ಹಿರಿಯರು ಗೇಜಿಗೆ ಉದ್ದನೆಯ ರಬ್ಬರ್ ಕೊಳವೆ ಜೋಡಿಸಿ, ಬಾನೆಟ್ಟಿನ ಸಂದಿಯಿಂದ ಹೊರತಂದು ಗಾಜಿನ ಎದುರು ಕಟ್ಟಿದರು. ಅಲ್ಲಿಂದ ಕಟ್ಟಿನಹೊಳೆಗೆ ಹೋಗಿ ಏರು ಶುರು. ಮಾವ ಓಡಿಸಿದರು, ನಾನು ಗೇಜು ನೋಡಿ ಒರಟು ಕಾಗದದ ಮೇಲೆ ಬರೆದುಕೊಂಡೆ.

ಮೊದಲ ಕೆಲವು ನಿಮಿಷ ಮುಳ್ಳು ನಿಧಾನವಾಗಿ ೦.೪ಕ್ಕೆ ಬಂತು. ಇದು ಬಿಸಿಯ ಪಾಲು. ಆಮೇಲೆ ಎಕ್ಸಿಲೇಟರ್ ತುಳಿದಾಗೆಲ್ಲ ಮುಳ್ಳು ಚಂಗನೆ ಹಾರಿತು. ಹಾರುವುದರಲ್ಲಿ ವಿಶೇಷ ಇಲ್ಲ, ವಾಟರ್ ಪಂಪು ಜೋರಾಗಿ ತಿರುಗಿದರೂ ಸ್ವಲ್ಪ ಹಾರುತ್ತದೆ. ಕಾಲು ತೆಗೆದಾಗ ಏನಾಗುತ್ತದೆ ಅನ್ನೋದು ನೋಡಬೇಕಾದದ್ದು. ಪಂಪಿನದಾದರೆ ಮುಳ್ಳು ಮೊದಲಿದ್ದಲ್ಲಿಗೇ ವಾಪಸು ಬರಬೇಕು. ಇಲ್ಲಿ ಬರಲಿಲ್ಲ. ೦.೪ರಿಂದ ಹಾರಿದ್ದು ೦.೫ಕ್ಕೆ ಬಂದು ಕೂತಿತು. ಮುಂದಿನ ಏರಿಗೆ ೦.೬. ಹೀಗೆ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತಾ ಹೋಯಿತೇ ಹೊರತು ಇಳಿಯಲಿಲ್ಲ. ಬಿಸಿ ನಿಧಾನಸ್ಥ, ಏರುವುದಕ್ಕೂ ನಿಮಿಷಗಳು ಬೇಕು, ಇಳಿಯುವುದಕ್ಕೂ ನಿಮಿಷಗಳು ಬೇಕು. ಗ್ಯಾಸು ಕ್ಷಣದಲ್ಲಿ ಬರುತ್ತದೆ, ಬಂದದ್ದು ಹೋಗುವುದಿಲ್ಲ. ನನ್ನ ಕಾಗದದ ಅಂಕಿಗಳನ್ನು ನೋಡಿದ ಮೆಕ್ಯಾನಿಕ್ "ಈಗ ಹೆಡ್ ಇಳಿಸೋಣ" ಅಂದರು.

ಯಾವ ಸಿಲಿಂಡರು ಅಂತಲೂ ಇಳಿಸುವ ಮೊದಲೇ ಅಂದಾಜು ಮಾಡಿದರು. ಬಿಸಿ ಇಂಜಿನ್ನನ್ನು ಜೋರಾಗಿ ಓಡಿಸುತ್ತ ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟನ್ನು ಸಡಿಲಿಸಿದರು. ಆ ಸಿಲಿಂಡರಿಗೆ ಆಗ ಎಣ್ಣೆ ಸಿಗುವುದಿಲ್ಲ. ಮೂರನೆಯದನ್ನು ಸಡಿಲಿಸಿದಾಗ ಮುಳ್ಳಿನ ಏರಿಕೆ ಮಂದವಾಯಿತು. ಪೂರ್ತಿ ನಿಲ್ಲಲಿಲ್ಲ, ಡೀಸೆಲ್ ಹೊತ್ತದಿದ್ದರೂ ಗಾಳಿಯ ಹಿಂಡಾಟ ನಡೆದೇ ಇರುತ್ತದಲ್ಲ. ಈ ಉಪಾಯ ಹಳೆಯ ಕಾಲದ ಪಂಪು ಇರುವ ಇಂಜಿನ್ನುಗಳಿಗೆ ಮಾತ್ರ. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟಿರುತ್ತದೆ. ಆ ಚಿಲುಮೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅಲ್ಲಿ ನಟ್ಟು ಮುಟ್ಟಲೇಬಾರದು.

ಇಷ್ಟೆಲ್ಲ ಸರ್ಕಸ್ಸು ಬೇಡ ಅನ್ನುವವರಿಗೆ ನೀಲಿ ದ್ರಾವಣದ ಪರೀಕ್ಷೆಯೂ ಇದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಒಂದು ಗಾಜಿನ ಕೊಳವೆಯಲ್ಲಿರುವ ನೀಲಿ ನೀರಿನ ಮೂಲಕ ಎಳೆದರೆ, ಅದರಲ್ಲಿ ಹೊಗೆಯ ಇಂಗಾಲದ ಡೈಆಕ್ಸೈಡ್ ಇದ್ದಾಗ ಬಣ್ಣ ಬದಲಾಗುತ್ತದೆ. ಪೆಟ್ರೋಲ್ ಗಾಡಿಗೆ ಚೆನ್ನಾಗಿ ಹಳದಿಗೆ ತಿರುಗುತ್ತದೆ. ಡೀಸೆಲ್ ಐಡ್ಲಿಂಗಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಕುಡಿಯುವುದರಿಂದ ಅದರ ಹೊಗೆಯಲ್ಲಿ ಈ ಅನಿಲ ಕಡಿಮೆ. ಬಣ್ಣ ಹಸಿರಿಗೆ ತಿರುಗಿ ನಿಲ್ಲಬಹುದು, ಸಮಯವೂ ಹೆಚ್ಚು ಬೇಕು. ಅವಸರದಲ್ಲಿ ಎರಡು ಸಲ ಒತ್ತಿ "ನೀಲಿಯೇ ಇದೆ" ಅಂತ ತೀರ್ಮಾನ ಮಾಡುವವರೇ ಜಾಸ್ತಿ.

ಹೆಡ್ ಇಳಿಯಿತು. ಮೂರನೆಯ ಸಿಲಿಂಡರಿಗೂ ಪಕ್ಕದ ನೀರಿನ ರಂಧ್ರಕ್ಕೂ ನಡುವೆ ಗ್ಯಾಸ್ಕೆಟ್ ಕರಕಲಾಗಿತ್ತು. ಉಕ್ಕಿನ ನೇರಪಟ್ಟಿ ಇಟ್ಟು ನೋಡಿದರೆ ಹೆಡ್ಡಿನ ನಡುವೆ ಎರಡು ಹಾಳೆ ಕಾಗದ ತೂರುವಷ್ಟು ಬಾಗು. ಸುಮ್ಮನೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಿದ್ದರೆ ಎರಡು ತಿಂಗಳಲ್ಲಿ ಮತ್ತೆ ಅದೇ ಕತೆ. ಕವಾಟಗಳ ನಡುವಿನ ಕಿರಿದಾದ ಜಾಗದಲ್ಲಿ ಬಿರುಕಿದೆಯೇ ಅಂತ ಒತ್ತಡ ಹಾಕಿ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಲೇತಿಗೆ ಕಳಿಸಿ ಹೆಡ್ಡಿನ ಮುಖ ಸಮ ಮಾಡಿಸಿದರು.

ಆದರೆ ಹೆಡ್ ಬಾಗಿದ್ದು ಯಾಕೆ? ಉತ್ತರ ಮಾವನ ಜೀಪಿನ ಕ್ಯಾಪಿನ ಮೇಲೆಯೇ ಅಚ್ಚಾಗಿತ್ತು: ೦.೫. ಆ ಇಂಜಿನ್ನಿಗೆ ಬೇಕಾದದ್ದು ೦.೯. ಮಳೆಗಾಲದಲ್ಲಿ ಹಳೆಯ ಕ್ಯಾಪು ಎಲ್ಲೋ ಬಿದ್ದುಹೋಗಿ, ಅಂಗಡಿಯಲ್ಲಿ ಬಾಯಿಗೆ ಸರಿಹೊಂದಿದ ಒಂದನ್ನು ತಂದು ಹಾಕಿದ್ದರು. ಬಾಯಿಗೆ ಸರಿಹೊಂದಿತು, ಒತ್ತಡಕ್ಕೆ ಹೊಂದಲಿಲ್ಲ. ಮೇಲೆ, ಒಳಗಿದ್ದದ್ದು ಬರೀ ಹೊಳೆನೀರು. ಮೇಲೆ ಹತ್ತಿದ ಕೂಡಲೆ ಡೀಸೆಲ್ ಉಳಿಸಲು ಇಂಜಿನ್ ಬಂದ್ ಮಾಡುವ ಅಭ್ಯಾಸ ಬೇರೆ. ಪಂಪು ನಿಂತ ಮೇಲೂ ಕಾದ ಹೆಡ್ಡಿನ ಬಿಸಿ ನಿಂತ ನೀರಿಗೆ ಇಳಿಯುತ್ತಲೇ ಇರುತ್ತದೆ. ನೀರು ಕುದಿದು ಸಡಿಲ ಕ್ಯಾಪಿನಿಂದ ಹೊರಬರುತ್ತದೆ. ಎರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಬಂದ್ ಮಾಡಿದರೆ ಇದು ತಪ್ಪುತ್ತದೆ. ಹೀಗೆ ದಿನಾ ಒಂದಿಷ್ಟು ಹೋಗಿ ಹೋಗಿ ಒಂದು ದಿನ ನೀರು ಹೆಡ್ಡಿನ ಮಟ್ಟಕ್ಕಿಂತ ಕೆಳಗಿಳಿಯಿತು. ಆ ದಿನ ಗೇಜಿನ ಮುಳ್ಳು ಏರಿದ್ದು ಇದ್ದಕ್ಕಿದ್ದಂತೆ ತಣ್ಣಗಿನ ಕಡೆಗೆ ಬಿತ್ತಂತೆ. ಸರಿಹೋಯಿತು ಅಂತ ಮಾವ ಮುಂದೆ ಓಡಿಸಿದರು. ಶಾಖ ಅಳೆಯುವ ತುಂಡು ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರೇ ಇಲ್ಲದಾಗ ಅದು ಗಾಳಿಯಲ್ಲಿ ನೇತಾಡುತ್ತ ಸುಳ್ಳು ಹೇಳುತ್ತದೆ. ಘಟ್ಟ ಏರುತ್ತಿರುವ ಗಾಡಿಯ ಮುಳ್ಳು ಕಾರಣವಿಲ್ಲದೆ ಇಳಿದರೆ, ಏರಿದ್ದಕ್ಕಿಂತ ಹೆಚ್ಚು ಹೆದರಬೇಕು. ಆ ಕ್ಷಣವೇ ಇಂಜಿನ್ ನಿಲ್ಲಿಸಬೇಕು.

ನಿಲ್ಲಿಸಿದ ಮೇಲೆ ಕ್ಯಾಪು ಮುಟ್ಟಬಾರದು. ಗೋಣಿಚೀಲ ಹಾಕಿ ತಿರುಗಿಸುವ ಶೂರರನ್ನು ನೋಡಿದ್ದೇನೆ. ೧೨೦ ಡಿಗ್ರಿಯ ನೀರಿನ ಮೇಲಿನ ಒತ್ತಡ ಒಮ್ಮೆಲೇ ಹೋದರೆ, ಒಂದು ಲೀಟರಿನಲ್ಲಿ ೩೫ರಿಂದ ೪೦ ಗ್ರಾಂ ಮಾತ್ರ ಹಬೆಯಾಗುತ್ತದೆ. ಕೇಳಲು ಸಣ್ಣದು. ಆದರೆ ಅಷ್ಟು ಹಬೆಗೆ ಸುಮಾರು ೬೦ ಲೀಟರ್ ಜಾಗ ಬೇಕು, ಅದು ಉಳಿದ ಕುದಿನೀರನ್ನೂ ಎತ್ತಿಕೊಂಡು ಮುಖಕ್ಕೇ ಬರುತ್ತದೆ. ಹೋಸು ಕೈಗೆ ಮೆತ್ತಗೆ ಸಿಗುವವರೆಗೆ, ಮುಕ್ಕಾಲು ಗಂಟೆಯಾದರೂ ಸರಿ, ಮರದ ನೆರಳಲ್ಲಿ ಕೂತು ಕಾಯಬೇಕು. ಸುಡುವ ಇಂಜಿನ್ನಿಗೆ ತಣ್ಣೀರು ಹೊಯ್ಯುವುದೂ ಬೇಡ, ಹೆಡ್ ಸೀಳುತ್ತದೆ.

ಇನ್ನು ಕೆಲಸ ಮುಗಿದು ನೀರು ತುಂಬುವಾಗಿನ ಕ್ರಮ. ಹೆಡ್ ಬೋಲ್ಟುಗಳನ್ನು ಪುಸ್ತಕದಲ್ಲಿರುವ ಸರದಿಯಲ್ಲಿ, ಹಂತ ಹಂತವಾಗಿ, ಟಾರ್ಕ್ ರೆಂಚಿನಿಂದಲೇ ಬಿಗಿದಿದ್ದಾರೆಯೇ ನೋಡಿಕೊಳ್ಳಿ. "ಕೈ ಅಂದಾಜು ಸಾಕು" ಅನ್ನುವವರ ಹತ್ತಿರ ಹೋಗಬೇಡಿ. ಗಾಡಿಯ ಮೂತಿ ಸ್ವಲ್ಪ ಏರಿನ ಕಡೆಗಿರಲಿ, ಆಗ ಒಳಗಿನ ಗಾಳಿ ರೇಡಿಯೇಟರಿನ ಬಾಯಿಗೆ ಬರುತ್ತದೆ. ನೀರು-ಕೂಲೆಂಟನ್ನು ಸಣ್ಣಗೆ ಹೊಯ್ಯುತ್ತ, ನಡುನಡುವೆ ಮೇಲಿನ ಹೋಸನ್ನು ಹಿಚುಕುತ್ತ ಹೋಗಿ. ಇಂಜಿನ್ ಓಡಿಸಿ ಥರ್ಮೋಸ್ಟಾಟ್ ತೆರೆಯುವವರೆಗೆ ಏಳುವ ಗುಳ್ಳೆಗಳಿಗೆ ಹೆದರಬೇಡಿ, ಅದು ಸಿಕ್ಕಿಕೊಂಡ ಗಾಳಿ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಿಲ್ಲದೆ ಎಕ್ಸಿಲೇಟರ್ ಕೊಟ್ಟಷ್ಟೂ ಹೆಚ್ಚಿದರೆ ಕೆಲಸ ಕೆಟ್ಟಿದೆ. ಸರಿಯಾದ ಅಂಕಿಯ ಕ್ಯಾಪು ಹಾಕಿ. ಆಮೇಲೆ ನಾಲ್ಕು ದಿನ, ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ, ಬಾಟಲಿಯ ನೀರಿನ ಗೆರೆ ಎಲ್ಲಿದೆ ಅಂತ ನೋಡಿ ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದಿಡಿ. ನಾಲ್ಕೂ ದಿನ ಗೆರೆ ಅಲ್ಲೇ ಇದ್ದರೆ ಮೆಕ್ಯಾನಿಕ್‌ಗೆ ಕೊಡಬೇಕಾದ ಬಾಕಿ ದುಡ್ಡು ಕೊಟ್ಟುಬಿಡಿ.